ರುದ್ರವ್ವನ ದನಿ ಹೋದ ದಾರಿ

"ಅಕ್ಕಾರ, ನನ್ನ ಹೊಸ ಮಿಕ್ಸರ್‌ಗೆ ದೆವ್ವ ಬಡದೈತಿ. ಇಲ್ಲಂದ್ರ ನಮ್ಮ ಸಾದಿಕ ಸುಳ್ಳ ಅದಾನ. ಎರಡರಾಗ ಯಾವುದು ಅಂತ ನೀವ ಹೇಳ್ರಿ," ಎನ್ನುತ್ತಲೇ ಲಾಡಲೇಸಾಬ ಒಳಗೆ ಬಂದರು.

ಜೋರಾಪುರ ಪೇಟೆಯಲ್ಲಿ ಅವರ ಸೌಂಡ್ ಸರ್ವಿಸ್ ಇದೆ; ಮೈಕುಗಳ ದನಿ ಏರಿಸಿ ಇಳಿಸುವ ಮಿಕ್ಸರನ್ನು ಅಲ್ಲಿ ನೋಡಿಕೊಳ್ಳುವ ಹುಡುಗ ಸಾದಿಕ. ಪೊಲೀಸ್ ಖಾತೆಯಿಂದ ನಿವೃತ್ತರಾದ ವಿದ್ಯಾವತಿ ಅಕ್ಕ ಸಿದ್ಧೇಶ್ವರ ಗುಡಿಯ ಹಿಂದೆ ನಮ್ಮ ಪಕ್ಕದ ಮನೆಯಲ್ಲಿರುವುದರಿಂದ, ಊರಿನ ತಂಟೆಯೆಲ್ಲ ಮೊದಲು ಅವರ ಕಟ್ಟೆಗೆ, ಆಮೇಲೆ ನನ್ನ ಸ್ಕೂಟರಿಗೆ ಬರುತ್ತದೆ. ಅಕ್ಕನಿಗೆ ಗಾಡಿ ಹೊಡೆಯಲು ಬಾರದು. ಕಲಿಯಲೂ ಒಲ್ಲರು, ಕೈನಾತ ಅಂದರೆ ನಾನು ಇದ್ದೇನಲ್ಲ.

ನಡೆದದ್ದು ಇಷ್ಟು. ಹೊನವಾಡದ ಭಜನೆ ಕಾರ್ಯಕ್ರಮದಲ್ಲಿ ಟಿಕೋಟಾದ ರುದ್ರವ್ವ ಹಾಡುತ್ತಿದ್ದರು. ಹಾರ್ಮೋನಿಯಂಗೆ ಅವರ ಹರೆಯದಿಂದಲೂ ಜೊತೆಗಿರುವ ಗುರಲಿಂಗಪ್ಪ, ತಬಲಾಕ್ಕೆ ಸಿದ್ದರಾಮ. ಮೂರನೆಯ ನುಡಿಗೆ ಬರುವಷ್ಟರಲ್ಲಿ ರುದ್ರವ್ವನ ದನಿ ಹೊರಗಿನ ಸ್ಪೀಕರಿನಲ್ಲಿ ಇಳಿದುಹೋಯಿತು. ಎರಡು ಸಲ ಬಂತು, ಮತ್ತೆ ಹೋಯಿತು. ಅವರು ಮಾತ್ರ ಕಣ್ಣು ಮುಚ್ಚಿ ಕೊನೆತನಕ ಹಾಡಿ, ನಗುತ್ತ ಕೆಳಗಿಳಿದರು. ಮರುದಿನ ಬಸ್ಸಿನಲ್ಲಿ ಯಾರೋ ದನಿ ಹೋದದ್ದನ್ನು ಅಣಕಿಸಿ ತೋರಿಸಿದಾಗಲೇ ಅವರಿಗೆ ವಿಷಯ ತಿಳಿದದ್ದು. ಅಂದಿನಿಂದ ಅವರು ಹೊಸ್ತಿಲು ದಾಟಿಲ್ಲ.

"ಸಾದಿಕನ್ನ ತಗದ್ರನ ಮುಂದಿನ ಭಜನಿಗೆ ಬಾಬಲೇಶ್ವರಕ್ಕ ಹಾಡಾಕ ಬರ್ತೀನಿ ಅಂತಾರ ರುದ್ರವ್ವಾರು. ಆ ಮಿಕ್ಸರ್ ಆರಿಸಿದಾಂವ ಅವನ. ಗುಂಡಿ ಇದ್ದದ್ದು ತಗೊಳ್ಳೋ ಅಂದೆ, ಟ್ಯಾಬ್ಲೆಟ್‌ನಾಗ ನಡಸೋದ ಬೇಕು ಅಂದ. ಅದು ಬರೇ ಡಬ್ಬಿ ನೋಡ್ರಿ, ತಿರುವಾಕ ಒಂದು ಗುಂಡಿ ಇಲ್ಲ. ಅದನ್ನೂ ಮಾರ್ತೀನಿ, ಅವನ್ನೂ ಬಿಡಸ್ತೀನಿ."

ನಾವು ಅಂಗಡಿಗೆ ಹೋದಾಗ ಸಾದಿಕ ವೈರು ಸುತ್ತುತ್ತ ಕುಳಿತಿದ್ದ. ಕಣ್ಣು ಕೆಂಪಾಗಿದ್ದವು.

"ನಾ ಎತ್ತಿದ್ರ ಅದು ತಾನ ಇಳೀತಿತ್ತು ಅಕ್ಕಾರ. ಟ್ಯಾಬ್ಲೆಟ್ ಹಿಡ್ಕೊಂಡು ಮಂದಿ ಹಿಂದ ನಿಂತಿದ್ದೆ. ಕಡೀ ಸಾಲಿಗೆ ಹೆಂಗ ಕೇಳ್ತೈತಿ ಅಂತ ನಡದ ನೋಡಾಕ ಬರ್ತೈತಿ, ಅದಕ್ಕ ಇದನ್ನ ಆರಿಸಿದ್ದು. ಮಂದಿ ನೋಡಿದ್ರ, ಗೇಮ್ ಆಡಾಕತ್ತಿದ್ದ ಅಂತಾರ."

"ಬ್ಯಾರೆ ಯಾರಿಗೆ ಅದನ್ನ ಮುಟ್ಟಾಕ ಬರ್ತೈತಿ?" ಎಂದು ಅಕ್ಕ ಕೇಳಿದರು.

"ಸ್ಟೇಜಿನವರಿಗೆಲ್ಲ ಪಾಸ್‌ವರ್ಡ್ ಕೊಟ್ಟೀನಿ. ತಮ್ಮ ದನಿ ತಮಗ ಕೇಳಾಕ ಮುಂದ ಇಟ್ಟ ಸಣ್ಣ ಸ್ಪೀಕರ್ ಪೆಟ್ಟಿಗಿಯೊಳಗ ಎಷ್ಟು ದನಿ ಬೇಕು ಅಂತ ಫೋನಿನಾಗ ತಾವ ಇಟ್ಕೋತಾರ. ಅಷ್ಟ ಮುಟ್ಟೂ ಹಂಗ ಮಾಡಬಹುದಿತ್ತು. ಹಿರ್ಯಾರಿಗೆ ಬೀಗ ಹಾಕೂದು ಹೆಂಗ ಅಂತ ಪೂರಾ ಬಿಟ್ಟೆ, ಹೊರಗಿನ ದನಿನೂ ಅವರಿಗೆ ಮುಟ್ಟಾಕ ಬರ್ತೈತಿ."

ನಮ್ಮ ಕಡೆಯ ಮರ್ಯಾದೆ ಹೀಗೆಯೇ, ಕೊಟ್ಟವನ ಕುತ್ತಿಗೆಗೇ ಬರುತ್ತದೆ.

ಆ ಮಿಕ್ಸರ್ ಪ್ರತಿ ಮೈಕಿನ ದನಿಯನ್ನೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತದೆ, ಹೊರಗೆ ಏರಿಸಲಿ, ಇಳಿಸಲಿ. ಸಾದಿಕ ರುದ್ರವ್ವನ ಮೈಕು ಕೇಳಿಸಿದ. ದನಿ ಒಡೆದಿತ್ತು, ಶ್ರುತಿ ಬಿಟ್ಟಿತ್ತು. ಮೂರನೆಯ ನುಡಿಯಲ್ಲಿ ಮಾತು ಮರೆತು ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಹೊರಗೆ ದನಿ ಇಳಿದ ಜಾಗಗಳನ್ನು ಸಾದಿಕ ನೆನಪಿನಿಂದ ಗುರುತಿಸಿದ; ಅಕ್ಕ ಅಲ್ಲಿ ಹಾರ್ಮೋನಿಯಂ ಒಂದನ್ನೇ, ಆಮೇಲೆ ತಬಲಾ ಒಂದನ್ನೇ ಕೇಳಿದರು.

"ಕೈನಾತ, ಹಾರ್ಮೋನಿಯಂ ಬಾರಿಸುವಾಗ ಯಾವ ಕೈ ಖಾಲಿ ಇರ್ತೈತಿ?"

"ಯಾವುದೂ ಇರಂಗಿಲ್ಲ. ಒಂದು ಗಾಳಿ ಹಾಕ್ತೈತಿ, ಒಂದು ಬಾರಿಸ್ತೈತಿ."

ಪತ್ತೆ ಹತ್ತಿದಾಗ ಅಕ್ಕನ ಮುಖ ಅರಳುವುದನ್ನು ನೋಡಿದ್ದೇನೆ. ಅಂದು ಬಾಡಿತು.

ಮರುದಿನ ಟಿಕೋಟಾದಲ್ಲಿ ರುದ್ರವ್ವನ ಪಡಸಾಲೆಯಲ್ಲಿ ಎಲ್ಲರೂ ಕೂಡಿದೆವು.

"ಮೈಕು, ವೈರು ಸುದ್ದ ಅದಾವು. ಮಿಕ್ಸರಿನ್ಯಾಗ ದನಿ ಬಂದೈತಿ," ಎಂದರು ಅಕ್ಕ. "ಸಾದಿಕ ಅಲ್ಲ. ಇಳಸಬೇಕು ಅನ್ನಾಂವ ಎರಡೆರಡು ಸಲ ಎತ್ತಂಗಿಲ್ಲ. ರುದ್ರವ್ವನ ವೈರಿನೂ ಅಲ್ಲ. ವೈರಿ ಆಗಿದ್ರ ಎಲ್ಲಾ ಕಡೆ ಬಂದ್ ಮಾಡ್ತಿದ್ದ. ಇಲ್ಲಿ ಹೊರಗಷ್ಟ ಇಳಿಸಿ, ರುದ್ರವ್ವನ ಮುಂದಿನ ಪೆಟ್ಟಿಗಿಯೊಳಗ ದನಿ ಹಂಗ ಬಿಟ್ಟಾರ. ಆಕಿಗೆ ತಿಳೀಬಾರದು ಅನ್ನೋರ ಕೆಲಸ ಇದು. ಒಂದೊಂದು ಸಲ ದನಿ ಇಳಿದಾಗಲೂ ತಬಲಾ ತಪ್ಪಿಲ್ಲ. ಹಾರ್ಮೋನಿಯಂ ಮಾತ್ರ ಒಂದು ಗಳಿಗಿ ನಿಂತೈತಿ. ಫೋನ್ ಮುಟ್ಟಾಕ ಕೈ ಬೇಕಲ್ಲ, ಗುರಲಿಂಗಪ್ಪಾರ?"

ಗುರಲಿಂಗಪ್ಪ ತಲೆ ಎತ್ತಲಿಲ್ಲ. "ಮುಂದಿನ ಸಾಲಿನ ಹುಡುಗರು ನಕ್ಕೋತ ಫೋನಿನಾಗ ವಿಡಿಯೋ ತಗ್ಯಾಕತ್ತಿದ್ರು. ಆಕಿ ಕಣ್ಣು ಮುಚ್ಚಿದ್ಲು. ನನಗ ತಡಿಲಿಲ್ಲರಿ."

"ಸಾದಿಕನ ಕೆಲಸಾ ಹೋಗಾಕತ್ತಿತ್ತು. ಆಗರ ಹೇಳಬೇಕಿತ್ತಲ್ಲ?" ಎಂದರು ಅಕ್ಕ.

"ಹೇಳಿದ್ರ, ಯಾಕ ಇಳಿಸಿದೆ ಅಂತನೂ ಹೇಳಬೇಕಾಗ್ತಿತ್ತು."

ರುದ್ರವ್ವ ಸಾದಿಕನ ಕಡೆ ತಿರುಗಿದರು. "ನನಗದು ಕೇಳಸು."

ಅವನು ಒಲ್ಲೆನೆಂದ. ಅವರು ಬಿಡಲಿಲ್ಲ. ತಮ್ಮ ದನಿಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದರು, ಈ ಸಲ ಕಣ್ಣು ತೆರೆದುಕೊಂಡು.

"ಎಷ್ಟು ದಿನಾತು ಗುರಲಿಂಗಪ್ಪ, ಹಿಂಗಾಗಿ?"

ರುದ್ರವ್ವ ಸಾದಿಕನ ತಲೆಯ ಮೇಲೆ ಕೈಯಿಟ್ಟರು. "ನಿನಗ ಬಾಯಿಗೆ ಬಂದಂಗ ಅಂದೆ ಯಪ್ಪಾ. ಮನಸಿನ್ಯಾಗ ಇಟ್ಕೋಬ್ಯಾಡ."

"ಮಿಕ್ಸರ್ ಇರ್ಲಿ ಬಿಡ್ರಿ. ಇಂವನೂ ಇರ್ತಾನ," ಎಂದರು ಲಾಡಲೇಸಾಬ.

"ಹಂಗಾರ ಬಾಬಲೇಶ್ವರದಾಗ ನನಗೊಂದು ಮೈಕು ಇಡು ಸಾದಿಕ. ಪದ ಗುರಲಿಂಗಪ್ಪ ಹೇಳ್ತಾನ, ಅಂವಂದು ಮಂದಿಗೆ ಬಿಡು. ನಂದು ನನ್ನ ಮುಂದಿನ ಪೆಟ್ಟಿಗಿಗಷ್ಟ ಇರ್ಲಿ."

ಹಾಗೆಯೇ ಆಯಿತು. ಬಾಬಲೇಶ್ವರದಲ್ಲಿ ಗುರಲಿಂಗಪ್ಪ ಹಾಡಿದರು. ಪಕ್ಕದಲ್ಲಿ ರುದ್ರವ್ವ ಕಣ್ಣು ಮುಚ್ಚಿ ತಮ್ಮ ಮೈಕಿನಲ್ಲಿ ಮೆಲ್ಲಗೆ ಹಾಡುತ್ತಿದ್ದರು. ಮುದುಕಿ ಬಾಯಲ್ಲೇ ತಾಳ ಎಣಿಸುತ್ತಿದ್ದಾಳೆಂದು ಜನ ತಿಳಿದರು. ಸಾದಿಕ ಅಂದು ಕಡೆಯ ಸಾಲಿಗೆ ಹೋಗಲಿಲ್ಲ. ಟ್ಯಾಬ್ಲೆಟ್ ಹಿಡಿದು ವೇದಿಕೆಯ ಮಗ್ಗುಲಲ್ಲಿ, ಆ ಸಣ್ಣ ಪೆಟ್ಟಿಗೆಯ ದನಿ ಕೇಳುವಷ್ಟು ಹತ್ತಿರದಲ್ಲಿ, ಪದ ಮುಗಿಯುವತನಕ ನಿಂತಿದ್ದ.