ಕಾನ್ಹೇರಿಯ ಬುದ್ಧನ ಎದುರು

"ನೀವಾ...? ನೀವೂ ಬಂದಿದ್ದೀರಾ?"

ವಾರಿಜಾಳ ಕೈಯಲ್ಲಿದ್ದ ಮಲ್ಲಿಗೆ ನೆಲಕ್ಕೆ ಬಿತ್ತು. ಕಾನ್ಹೇರಿಯ ಗುಹೆಯೊಳಗೆ, ಧ್ಯಾನಕ್ಕೆ ಕುಳಿತ ಕಲ್ಲಿನ ಬುದ್ಧನ ಪಕ್ಕದಲ್ಲೇ ಚೆನ್ನಯ ನಿಂತಿದ್ದ! ತಿಂಗಳುಗಟ್ಟಲೆ ಮುಖ ತಪ್ಪಿಸಿಕೊಂಡು ಓಡಾಡಿದವನು...

ಬುದ್ಧ ನಿರ್ವಾಣ ಹೊಂದಿ ಎರಡೂವರೆ ಸಾವಿರ ವರ್ಷವಾಯಿತೆಂದು ಇಡೀ ಮುಂಬಯಿಯೇ ಆ ದಿನ ಬೊರಿವಲಿಯ ಲೋಕಲ್ ಹತ್ತಿದಂತಿತ್ತು. ವಾರಿಜಾಳ ಕುರ್ಲಾದ ಚಾಳಿನವರೂ ಬುತ್ತಿ ಕಟ್ಟಿಕೊಂಡು ಹೊರಟಿದ್ದರು. ಒಲ್ಲೆ ಒಲ್ಲೆ ಎಂದರೂ ಪಕ್ಕದ ಖೋಲಿಯ ಪ್ರಫುಲ್ಲಾ ಅವಳನ್ನು ಎಳೆದು ತಂದಿದ್ದಳು.

ಈ ಪ್ರಫುಲ್ಲಾಳ ತಮ್ಮನೇ ಚೆನ್ನಯ. ಸಾಂತಾಕ್ರೂಜಿನಲ್ಲಿ ಸೋದರಮಾವನ ಹೋಟೆಲು ನೋಡಿಕೊಳ್ಳುವವನು. ವಾರವಾರ ಅಕ್ಕನನ್ನು ನೋಡಲು ಬರುತ್ತಿದ್ದ. ಅಕ್ಕ ಬರೀ ನೆಪ, ಕಣ್ಣೆಲ್ಲ ವಾರಿಜಾಳ ಬಾಗಿಲ ಮೇಲೆ! ಅವಳಿಗೂ ಅದು ಗೊತ್ತಿತ್ತು. ಗೊತ್ತಿಲ್ಲದವಳಂತೆ ಇರುವುದೇ ಅವಳಿಗೆ ಹಿತವಾಗಿತ್ತು. ಆಮೇಲೆ ಇದ್ದಕ್ಕಿದ್ದಂತೆ ಅವನು ಬರುವುದು ನಿಂತುಹೋಯಿತು. ಯಾಕೆಂದು ಯಾರೂ ಹೇಳಲಿಲ್ಲ.

ಇವತ್ತು ಲೋಕಲಿನಲ್ಲಿ ಪ್ರಫುಲ್ಲಾ ಹೇಳಿದ್ದು ಇಷ್ಟೇ: "ನಾಳೆ ಚೆನ್ನಯ ಊರಿಗೆ ಹಡಗು ಹತ್ತುತ್ತಾನೆ. ಮಾವ ಅಲ್ಲೊಂದು ಹುಡುಗಿ ನೋಡಿಟ್ಟಿದ್ದಾರಂತೆ."

ಆಗಿನಿಂದ ವಾರಿಜಾಳ ತಲೆಯಲ್ಲಿ ಅದೇ ಯೋಚನೆ. 'ಈಗ ಕೇಳದಿದ್ದರೆ ಇನ್ನು ಯಾವಾಗ? ಕೇಳಿದ ಮೇಲೆ... ನೀನು ಬೇಡ ಅಂದುಬಿಟ್ಟರೆ?'

ಬುದ್ಧನೋ, ಯಾರ ಗೊಡವೆಯೂ ತನಗೆ ಬೇಡವೆಂಬಂತೆ ಕಣ್ಣು ಮುಚ್ಚಿ ಕುಳಿತಿದ್ದ. ಅವನ ಮೇಲೂ ಅವಳಿಗೆ ಸಿಟ್ಟು ಬಂತು.

ಚೆನ್ನಯ ತಲೆ ತಗ್ಗಿಸಿ ಹೊರಡಲು ತಿರುಗಿದ.

"ನಿಲ್ಲಿ! ನನ್ನಿಂದ ಎಂಥ ತಪ್ಪಾಯ್ತು? ಅದೊಂದು ಹೇಳಿ ಹೋಗಿ."

"ನಿನ್ನ ತಪ್ಪಿಲ್ಲ ವಾರಿಜಾ... ಆಸೆ ಬಿಟ್ಟವನ ಹತ್ತಿರ ಬಂದೆ, ನನಗೂ ಬಿಡ್ಲಿಕ್ಕೆ ಆಗ್ತದಾ ಅಂತ. ಇಲ್ಲಿಯೂ ನೀನೇ ಎದುರು ಬಂದೆ!"

"ಯಾಕೆ ಬಿಡ್ಬೇಕು?" ಅವಳು ಅವನ ದಾರಿಗೆ ಅಡ್ಡ ನಿಂತಳು. "ನಾನು... ನಾನು ನಿಮ್ಮನ್ನೇ ನೆಚ್ಚಿಕೊಂಡು ಕೂತಿದ್ದೇನೆ ಮಾರಾಯ್ರೇ!"

ಅಯ್ಯೋ, ಹೇಳಿಯೇಬಿಟ್ಟಳು!

ಚೆನ್ನಯ ಒಂದು ಹೆಜ್ಜೆ ಹಿಂದೆ ಸರಿದ. "ಹಾಗೆ ಹೇಳ್ಬೇಡ! ನಾವು ಒಂದೇ ಬರಿಯವರು. ನಾನು ಬಂಗೇರ, ನೀನೂ ಬಂಗೇರ. ಅಕ್ಕ ಕೇಳಿದಾಗ ನೀನೇ ಹೇಳಿದ್ದಲ್ಲವಾ?"

ಒಂದೇ ಬರಿಯೆಂದರೆ ತುಳುವರಲ್ಲಿ ಒಂದೇ ಕುಲ. ಹುಡುಗ, ಹುಡುಗಿ ಅಣ್ಣ-ತಂಗಿಯ ಲೆಕ್ಕ. ಮದುವೆಯ ಮಾತೇ ಎತ್ತುವಂತಿಲ್ಲ. ನಲ್ಲಿಯ ಹತ್ತಿರ ಪ್ರಫುಲ್ಲಾ ಬರಿ ಯಾವುದೆಂದು ಕೇಳಿದಾಗ, ಸಂಬಂಧಕ್ಕೇ ಕೇಳುತ್ತಿದ್ದಾಳೆಂದು ಎಷ್ಟು ಖುಷಿಯಿಂದ ಹೇಳಿದ್ದಳು! ತನ್ನ ಬಾಳಿಗೆ ತಾನೇ ಕಲ್ಲು ಹಾಕಿಕೊಂಡಳೇ?

"ಅಪ್ಪ ಬಂಗೇರ ಅಂತ ನಾನೂ ಬಂಗೇರ ಅಂದೆ..." ಅವಳು ಬಿಕ್ಕಿದಳು. "ಶಾಲೆಯಲ್ಲೂ ಅಪ್ಪನ ಹೆಸರೇ ಹಿಂದೆ ಹಾಕುವುದಲ್ಲವಾ..."

"ಏನು? ಅಪ್ಪನ ಬರಿಯಾ?" ಚೆನ್ನಯ ಹತ್ತಿರ ಬಂದ. "ಅಮ್ಮನದು? ವಾರಿಜಾ, ನಿನ್ನ ಅಮ್ಮನ ಬರಿ ಯಾವುದು?"

"ನಾನು ತೊಟ್ಟಿಲಲ್ಲಿ ಇರುವಾಗಲೇ ಅಮ್ಮ ಹೋದರು. ಅಮ್ಮನ ಅಕ್ಕ, ದೊಡ್ಡಮ್ಮ... ತಮ್ಮದು ಕರ್ಕೇರ ಬರಿ ಅಂತಿದ್ದರು."

ಚೆನ್ನಯ ಅಲ್ಲೇ ಕಲ್ಲಿನ ಮೇಲೆ ಕುಸಿದು ಕುಳಿತ. ನಗುತ್ತಿದ್ದಾನೋ, ಅಳುತ್ತಿದ್ದಾನೋ!

"ಮಾರಾಯ್ತಿ! ನಮ್ಮಲ್ಲಿ ಬರಿ ಬರುವುದು ತಾಯಿಯಿಂದ. ನೀನು ಬಂಗೇರ ಅಲ್ಲವೇ ಅಲ್ಲ!"

ಮುಂಬಯಿಯಲ್ಲೇ ಹುಟ್ಟಿ, ತಾಯಿಯಿಲ್ಲದೆ ಬೆಳೆದ ಹುಡುಗಿಗೆ ಇದನ್ನು ಕೂರಿಸಿ ಹೇಳುವವರು ಯಾರಿದ್ದರು?

"ಹಾಗಾದ್ರೆ... ನಾಳೆಯ ಹಡಗು?"

"ಹತ್ತುವುದಿಲ್ಲ. ಈಗಲೇ ಹೋಗಿ ಮಾವನ ಕಾಲು ಹಿಡೀತೇನೆ. ಬೈದರೆ ಬೈಯಲಿ." ಅವನು ಎದ್ದು ಅವಳ ಕಣ್ಣನ್ನೇ ನೋಡಿದ. "ಮುಂದೆ ನಮ್ಮ ಮಕ್ಕಳ ಬರಿ ಯಾವುದು ಅಂತ ಯಾರಾದರೂ ಕೇಳಿದ್ರೆ ಏನು ಹೇಳ್ತೀ?"

ವಾರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕರ್ಕೇರ," ಎಂದಳು ಮೆಲ್ಲನೆ. "ನನ್ನದೇ!"