ಇನ್ನೊಂದು ಸ್ಯಾಂಪಲ್ ಬೇಕಿತ್ತು

"ಕೈ ತೊಳ್ಕೊಂಡು ಹಿಡಿದಿರಾ?"

ಕಿಟಕಿಯಾಚೆ ಬಾಟಲಿ ಹಿಡಿದು ನಿಂತಿದ್ದ ವೆಲ್ಡರ್ ನಾಚಿ ನೀರಾದ. ಹಿಂದೆ ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು.

"ಏನ್ ಮೇಡಂ, ಎಲ್ಲರೆದುರು ಮಾನ ತೆಗೀತೀರಲ್ಲ!"

"ಯುರೇನಿಯಂ ಧೂಳು ಕೈಯಿಂದ ಬಾಟಲಿಗೆ ಬಿದ್ರೆ ಲೆಕ್ಕ ತಪ್ಪುತ್ತೆ. ನಾಳೆ ಮನೇಲಿ ಸ್ನಾನ ಮಾಡಿ, ಒಗೆದ ಬಟ್ಟೆ ಹಾಕ್ಕೊಂಡು, ಮತ್ತೆ ಹಿಡಿದು ತನ್ನಿ."

ಯುರೇನಿಯಂ ಅದಿರು ಅರೆಯುವ ಕಾರ್ಖಾನೆಯ ಕೆಲಸಗಾರರ ಮೂತ್ರ ಪರೀಕ್ಷಿಸುವ ಆ ಪ್ರಯೋಗಾಲಯದಲ್ಲಿ, ಕಿಟಕಿಯೊಳಗೆ ಕೂತ ಅವಳದು ಆರನೇ ವರ್ಷ. ಮರುದಿನ ಅವನು ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟು, ಮದುವೆಗೆ ಹೊರಟವನಂತೆ ಬಾಟಲಿ ಹಿಡಿದು ಬಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ...

ಸಂಜೆ ಯಂತ್ರ ತೋರಿಸಿದ ಅಂಕಿ ನೋಡಿ ಆ ನಗು ಬತ್ತಿಹೋಯಿತು. ಅವನ ಮೂತ್ರದಲ್ಲಿ ಯುರೇನಿಯಂ ಮಿತಿಗಿಂತ ನಾಲ್ಕು ಪಟ್ಟು!

'ನನ್ನ ಕೈತಪ್ಪೇ ಆಗಿರಲಿ ದೇವರೇ...'

ಮುಂದಿನ ವಾರ ಮತ್ತೆ ಕರೆಸಿದಳು. ಅದರ ಮುಂದಿನ ವಾರ ಮತ್ತೂ ಕರೆಸಿದಳು. ಅಂಕಿ ಇಳಿಯಲಿಲ್ಲ. ಫಲಿತಾಂಶ ಹೇಳುವ ಅಧಿಕಾರ ಕಾರ್ಖಾನೆಯ ಡಾಕ್ಟರಿಗೆ ಮಾತ್ರ. ಅವರೋ, ಪ್ರತಿಸಲವೂ "ಇನ್ನೊಮ್ಮೆ ನೋಡಿ" ಎಂದು ವರದಿ ವಾಪಸು ಕಳಿಸುತ್ತಿದ್ದರು. ಅವಳು ಬಾಯಿಬಿಟ್ಟರೆ ಕೆಲಸ ಹೋಗುತ್ತಿತ್ತು.

"ನಿಜ ಹೇಳಿ, ಸ್ಯಾಂಪಲ್ ಬರೀ ನೆಪ ತಾನೆ? ನನ್ನ ನೋಡೋಕೇ ಕರೆಸ್ತೀರಿ!" ಅವನು ಕಣ್ಣು ಮಿಟುಕಿಸಿದ.

'ಹೌದು ಅನ್ನಲಾ? ನಿನ್ನ ಕಿಡ್ನಿ ಹಾಳಾಗ್ತಿದೆ ಅನ್ನಲಾ?' ಅವಳು ಸುಮ್ಮನೆ ನಕ್ಕಳು.

ಮರುವಾರ ಅವನು ಕೆಲಸದ ನಡುವೆಯೇ ಕುಸಿದುಬಿದ್ದ.

ಸುದ್ದಿ ತಿಳಿದು ಆಸ್ಪತ್ರೆಗೆ ಓಡಿದವಳನ್ನು ಅವನ ಅಕ್ಕ ಬಾಗಿಲಲ್ಲೇ ತಡೆದಳು. "ಮೂರು ವಾರದಿಂದ ಕರೆಸಿ ಕರೆಸಿ ನೋಡ್ತಿದ್ರಲ್ಲ, ನಿಮಗೆ ಗೊತ್ತಿತ್ತು! ಅವನು ದಿನಾ ಆ ಧೂಳಲ್ಲೇ ನಿಂತಿದ್ದ ಕಣಮ್ಮಾ..."

ಅವಳು ಹೆಗಲ ಚೀಲವನ್ನು ಎದೆಗವಚಿಕೊಂಡಳು.

"ಒಳಗೆ ಬಿಡಕ್ಕಾ," ಅಂದ ಅವನ ದನಿ ಸೋತಿತ್ತು. ಅವಳು ಒಳಗೆ ಹೋದಳು. ಅವನ ಮುಖ ಊದಿತ್ತು. "ನೀವು ನಗ್ತಿದ್ರಲ್ಲ... ಪ್ರೀತಿ ಅಂದ್ಕೊಂಡೆ. ಕನಿಕರಾನಾ?"

"ಪ್ರೀತೀನೇ! ಅದಕ್ಕೇ ಯಂತ್ರ ಸುಳ್ಳು ಹೇಳ್ತಿದೆ ಅಂತ ನಂಬಿದೆ. ನಿನಗೆ ಹೇಳಬೇಕಿತ್ತು... ಹೆದರಿಬಿಟ್ಟೆ." ಅವಳು ಚೀಲದಿಂದ ಮೂರು ವರದಿಗಳನ್ನು ತೆಗೆದು ಹಾಸಿಗೆಯ ಮೇಲಿಟ್ಟಳು. "ತಗೋ. ಯಾರಿಗೆ ಬೇಕಾದ್ರೂ ತೋರಿಸು. ನನ್ನ ಕೆಲಸ ಹೋದ್ರೆ ಹೋಗ್ಲಿ."

ಅವನು ವರದಿಗಳನ್ನು ಒಂದೊಂದಾಗಿ ತಿರುವಿ ನೋಡಿದ.

"ವಾಸಿಯಾಗುತ್ತಾ?"

"ಗೊತ್ತಿಲ್ಲ... ನನಗೆ ಅಳೆಯೋದೊಂದೇ ಬರೋದು. ಒಳಗಿರೋದನ್ನ ತೆಗೆಯೋಕೆ ಬರಲ್ಲ ಕಣೋ!" ಅವಳು ಬಿಕ್ಕಿದಳು.

ಅವನು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ.

"ಕೂತ್ಕೋ. ಇನ್ಮೇಲೆ ಏನೇ ಬಂದ್ರೂ ಮೊದಲು ನನಗೆ ಹೇಳ್ತೀಯಾ?"

"ಹೇಳ್ತೀನಿ..."

"ಅಳು ಬಂದ್ರೂ?"

"ಅಳ್ತಾನೇ ಹೇಳ್ತೀನಿ."