ಸಂತರ ಅಳತೆ

ಮೂವತ್ತು ವರ್ಷದ ಕಸುಬಿನಲ್ಲಿ ನನ್ನ ಅಳತೆ ತಪ್ಪಿದ್ದಿಲ್ಲ. ಈಗ ಭಯವಾಗುತ್ತಿರುವುದೂ ಅದಕ್ಕೇ. ನಮ್ಮ ಚರ್ಚಿನಲ್ಲಿರುವ ಸಂತರ ಮರದ ಪ್ರತಿಮೆಗೆ ವರ್ಷಕ್ಕೊಮ್ಮೆ ನಿಲುವಂಗಿ ಹೊಲಿಯುವ ದರ್ಜಿ ನಾನು.

ಮೊನ್ನೆ ಮಧ್ಯಾಹ್ನ ಅಳತೆಗೆ ಹೋದಾಗ ತಲೆಯಲ್ಲಿ ಬೇರೆ ಹತ್ತು ಕೆಲಸವಿತ್ತು. ಅಂಗಡಿಯಲ್ಲಿ ದಿನವಿಡೀ ಆಡುವ ಮಾತೇ ಬಾಯಿಗೆ ಬಂತು: “ಸ್ವಾಮಿ, ಕೈ ಸ್ವಲ್ಪ ಎತ್ತಿ. ಆಯ್ತು, ಇಳ್ಸಿ.” ಅಳತೆ ಪುಸ್ತಕದಲ್ಲಿ ಬರೆದುಕೊಂಡು ಮನೆಗೆ ಬಂದೆ.

ಪುಸ್ತಕ ನೋಡಿದ ನನ್ನವಳು, “ಪ್ರತಿ ವರ್ಷ ಎದೆ ಸುತ್ತಳತೆ ನಲವತ್ನಾಲ್ಕು ಇರುತ್ತೆ. ಈ ಸಲ ಮೂವತ್ತಾರು ಅಂತಿದೆಯಲ್ಲ?” ಎಂದಳು.

“ಆಗೆಲ್ಲ ತೋಳು ಸೇರಿಸಿ ಅಳೀತಿದ್ದೆ. ಈ ಸಲ ಕಂಕುಳ ಕೆಳಗಿಂದ...”

ಸಂತರನ್ನು ಒಂದೇ ದಿಮ್ಮಿಯಲ್ಲಿ ಕೆತ್ತಿದ್ದಾರೆ. ತೋಳು ಮೈಗೆ ಅಂಟಿಯೇ ಇದೆ, ನಡುವೆ ಸೂಜಿಯೂ ತೂರದು. ಅದಕ್ಕೇ ಆ ಅಂಗಿಗೆ ನಾವು ತೋಳಿಡುವುದಿಲ್ಲ. ಮೇಲಿಂದ ಹೊದಿಸಿ ಬೆನ್ನಿಗೆ ಕಟ್ಟುತ್ತೇವೆ.

ಓಡಿಹೋಗಿ ಮುಟ್ಟಿ ನೋಡಿದೆ. ತೋಳು ಅಂಟಿಕೊಂಡೇ ಇತ್ತು, ಮರ ತಣ್ಣಗಿತ್ತು. ಜೇಬಿನಲ್ಲಿದ್ದ ಟೇಪು ಮಾತ್ರ ಬೆವರಿನಿಂದ ಒದ್ದೆಯಾಗಿ, ಇನ್ನೂ ಬೆಚ್ಚಗಿತ್ತು.

ನಾಳೆ ಸಂತರ ದಿನ. ಇರುವ ಬಟ್ಟೆ ಒಂದೇ ಅಂಗಿಗಾಗುವಷ್ಟು. ಕತ್ತರಿ ಹಿಡಿದು ಕೂತಿದ್ದೇನೆ. ಪುಸ್ತಕದಲ್ಲಿ ಎದೆಯಳತೆಯ ಕೆಳಗೆ, ನನ್ನದೇ ಕೈಬರಹದಲ್ಲಿ, ಇನ್ನೊಂದು ಸಾಲಿದೆ: ತೋಳುದ್ದ ಇಪ್ಪತ್ತಮೂರು, ಕೈ ಮಡಚಿದರೆ ಇಪ್ಪತ್ತನಾಲ್ಕು.